ಮನೆಯ ಮೇಲಣ ಕಂಬ: ಹವ್ಯಾಸಿ ರೇಡಿಯೋ ಆಂಟೆನಾಗಳ ಚರಿತ್ರೆಯ ಒಂದು ಸಮೀಕ್ಷೆ

೧

ಚರಿತ್ರಕಾರರು ಕಂಬಗಳನ್ನು ಕಡೆಗಣಿಸಿದವರಲ್ಲ. ವಿಜಯಸ್ತಂಭ, ಮಾನಸ್ತಂಭ, ಗರುಡಗಂಬಗಳ ವಿಷಯವಾಗಿ ನಮ್ಮಲ್ಲಿ ವಿಪುಲವಾದ ಬರವಣಿಗೆ ಉಂಟು. ಅವನ್ನು ನಿಲ್ಲಿಸಿದವರು ಯಾರು, ಯಾವ ಕಾಲದಲ್ಲಿ ನಿಲ್ಲಿಸಿದರು, ಅವರ ಉದ್ದೇಶವೇನು ಎಂಬುದನ್ನು ವಿದ್ವಾಂಸರು ಶ್ರಮವಹಿಸಿ ಶೋಧಿಸಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಸಾಮಾನ್ಯ ಗೃಹಸ್ಥರು ತಮ್ಮ ಮನೆಗಳ ಮೇಲೆ ನಿಲ್ಲಿಸಿದ ಒಂದು ಬಗೆಯ ಕಂಬವು ಇತಿಹಾಸದ ವಿದ್ಯಾರ್ಥಿಗಳ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಹವ್ಯಾಸಿ ರೇಡಿಯೋ ಪ್ರೇಷಕರು, ಎಂದರೆ ವೇತನಕ್ಕಾಗಲಿ ವ್ಯಾಪಾರಕ್ಕಾಗಲಿ ಅಲ್ಲದೆ ಕೇವಲ ವಿದ್ಯಾಸಕ್ತಿಯಿಂದ ಪರವಾನಗಿ ಪಡೆದು ದೂರದೂರದವರೊಡನೆ ನಿಸ್ತಂತು ಸಂಭಾಷಣೆ ನಡೆಸುವವರು, ತಮ್ಮ ತಾರಸಿಯ ಮೇಲೆ ಅಥವಾ ಹಿತ್ತಿಲಿನಲ್ಲಿ ನೆಟ್ಟ ಕಂಬವೇ ಅದು. ಹಿಂದಿನವರು ಏರಿಯಲ್ ಎಂದೂ ಇಂದಿನವರು ಆಂಟೆನಾ ಎಂದೂ ಕರೆಯುವ ತಂತಿಯನ್ನೋ ಲೋಹದ ಸರಳುಗಳನ್ನೋ ಎತ್ತಿ ಹಿಡಿಯುವುದು ಅದರ ಕೆಲಸ.

ಈ ಲೇಖನಕ್ಕೆ ನಿಮಿತ್ತವಾದ ಸಂಗತಿಯೊಂದನ್ನು ಮೊದಲು ನಿವೇದಿಸುವುದು ಉಚಿತ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಈ ಲೇಖಕನು ದಿನವೂ ಹಾದುಹೋಗುತ್ತಿದ್ದ ಮನೆಯ ತಾರಸಿಯ ಮೇಲೆ, ಮೂರು ಕಡೆಯಿಂದ ಎಳೆದು ಕಟ್ಟಿದ ಎತ್ತರವಾದ ಕಬ್ಬಿಣದ ಕಂಬವೊಂದಿತ್ತು. ಯಜಮಾನರು ಕಾಲವಾದ ಮೇಲೆ ಮನೆ ಮಾರಾಟವಾಯಿತು. ಒಂದು ಬೆಳಗ್ಗೆ ಆ ಕಂಬವೂ ಅದರ ಮೇಲಿದ್ದ ಅಲ್ಯೂಮಿನಿಯಂ ಕೊಳವೆಗಳೂ ಗುಜರಿಯವನ ಗಾಡಿಯಲ್ಲಿ ತೂಕಕ್ಕೆ ಹೋದವು. ಅವುಗಳ ಪಕ್ಕದಲ್ಲಿಯೇ, ಹಳೆಯ ವೃತ್ತಪತ್ರಿಕೆಗಳ ಕಟ್ಟಿನೊಡನೆ, ದಪ್ಪ ರಟ್ಟಿನ ಹಲವು ದಿನಚರಿ ಪುಸ್ತಕಗಳೂ ಇದ್ದವು. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ದೇಶದವರೊಡನೆ ಮಾತು ನಡೆಯಿತೆಂಬುದನ್ನು ಸಾಲುಸಾಲಾಗಿ ಬರೆದಿಟ್ಟಿದ್ದ ಪುಸ್ತಕಗಳು ಅವು. ವಿಚಾರಿಸಿ ಹಿಂದಿರುಗುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಶಾಸನದ ಕಲ್ಲೊಂದು ಒಗೆಯುವ ಬಂಡೆಯಾದರೆ ನಾವು ಮರುಗುತ್ತೇವೆ; ಇಲ್ಲಿ ಮರುಗಬೇಕೆಂಬುದೂ ನಮಗೆ ಹೊಳೆಯಲಿಲ್ಲ.

ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯವು ಇಷ್ಟು. ಹವ್ಯಾಸಿಯ ಉಳಿದೆಲ್ಲ ಉಪಕರಣಗಳೂ ಕೋಣೆಯೊಳಗೆ ಅಡಗಿರುತ್ತವೆ. ಆಂಟೆನಾ ಮಾತ್ರವೇ ಬಹಿರಂಗವಾದುದು. ಆದಕಾರಣ ಈ ವಿದ್ಯೆಯ ಮೇಲೆ ಬಂದ ಮೂರು ಪರೀಕ್ಷೆಗಳೂ, ಎಂದರೆ ಸರ್ಕಾರದ ಸಂಶಯ, ನೆರೆಹೊರೆಯವರ ಆಕ್ಷೇಪ, ಗಾಳಿಮಳೆಗಳ ಹೊಡೆತ, ಮೊದಲು ಎರಗಿದ್ದು ಆ ಕಂಬದ ಮೇಲೆಯೇ. ಅದು ಇಂದಿಗೂ ನಿಂತಿದ್ದರೆ, ಹಕ್ಕಿನ ಬಲಕ್ಕಿಂತಲೂ ಹೆಚ್ಚಾಗಿ ಎಚ್ಚರದ ಪಾಲನೆಯ ಬಲದಿಂದ ನಿಂತಿದೆ.

೨

ಆಂಟೆನಾ ಎತ್ತರವಾಗಿಯೂ ಉದ್ದವಾಗಿಯೂ ಏಕೆ ಇರಬೇಕೆಂಬುದನ್ನು ತಿಳಿಯದೆ ಅದರ ಚರಿತ್ರೆ ಅರ್ಥವಾಗದು. ರೇಡಿಯೋ ತರಂಗಗಳಿಗೆ ಒಂದೊಂದಕ್ಕೂ ಒಂದು ತರಂಗದೂರ ಉಂಟು. ಚೆನ್ನಾಗಿ ಕೆಲಸಮಾಡುವ ಅತ್ಯಂತ ಸರಳವಾದ ಆಂಟೆನಾ ಆ ತರಂಗದೂರದ ಹೆಚ್ಚುಕಡಿಮೆ ಅರ್ಧದಷ್ಟು ಉದ್ದವಾದ ತಂತಿ. ಮಧ್ಯದಲ್ಲಿ ಅದನ್ನು ಕತ್ತರಿಸಿ, ಅಲ್ಲಿಂದ ಕೇಬಲನ್ನು ಕೋಣೆಯೊಳಕ್ಕೆ ಇಳಿಸಿದರೆ ಆಯಿತು. ಇದಕ್ಕೆ ಡೈಪೋಲ್ ಎಂದು ಹೆಸರು. ಹವ್ಯಾಸಿಗಳು ಬಹಳವಾಗಿ ಬಳಸುವ ೪೦ ಮೀಟರ್ ಪಟ್ಟಿಗೆ, ಎಂದರೆ ೭ ಮೆಗಾಹರ್ಟ್ಸ್ ಆವೃತ್ತಿಗೆ, ಸುಮಾರು ೨೦ ಮೀಟರ್ ತಂತಿ ಬೇಕು. ಅಡಿಯ ಲೆಕ್ಕದಲ್ಲಿ ಸುಮಾರು ೬೬ ಅಡಿ.

ನಮ್ಮ ಊರುಗಳ ನಿವೇಶನಗಳಿಗೆ ಈ ಲೆಕ್ಕವನ್ನು ಹೊಂದಿಸಿ ನೋಡುವುದು ಸ್ವಾರಸ್ಯಕರ. ೪೦ ಅಡಿ ಅಗಲ ೬೦ ಅಡಿ ಉದ್ದದ ನಿವೇಶನದಲ್ಲಿ ಒಂದು ಮೂಲೆಯಿಂದ ಎದುರುಮೂಲೆಗೆ ಸುಮಾರು ೭೨ ಅಡಿಯಾಗುತ್ತದೆ. ೬೬ ಅಡಿಯ ತಂತಿ ಅದರ ಮೇಲೆ ಹೇಗೋ ಹಿಡಿಸುತ್ತದೆ. ೩೦ಕ್ಕೆ ೪೦ರ ನಿವೇಶನದಲ್ಲಾದರೋ ಮೂಲೆಯಿಂದ ಮೂಲೆಗೆ ಕೇವಲ ೫೦ ಅಡಿ. ಅಲ್ಲಿ ತಂತಿಯ ನಡುವನ್ನು ಕಂಬದ ತುದಿಗೆ ಎತ್ತಿ, ಎರಡು ಕೊನೆಗಳನ್ನು ಕೆಳಕ್ಕೆ ಇಳಿಬಿಟ್ಟು, ಮಗುಚಿದ ‘ವಿ’ ಅಕ್ಷರದ ಆಕಾರದಲ್ಲಿ ಕಟ್ಟುತ್ತಾರೆ. ಹೀಗೆ ನಗರದ ಭೂಮಾಪನದ ಪಟ್ಟಿಯೇ ಆಂಟೆನಾದ ಆಕಾರವನ್ನು ನಿರ್ಣಯಿಸಿದೆ ಎನ್ನಬೇಕು.

ಎತ್ತರದ ಕಾರಣವು ಬೇರೆ. ಅಡ್ಡಲಾಗಿ ಕಟ್ಟಿದ ತಂತಿಯು ನೆಲಕ್ಕೆ ಸಮೀಪವಾಗಿದ್ದರೆ ಅದರ ಶಕ್ತಿಯ ಬಹುಭಾಗ ನೆತ್ತಿಯ ಕಡೆಗೆ ಹೋಗಿ, ಮೇಲಣ ಅಯಾನುಮಂಡಲದಿಂದ ಪ್ರತಿಫಲಿಸಿ, ಕೆಲವು ನೂರು ಕಿಲೋಮೀಟರುಗಳ ಒಳಗೇ ಇಳಿಯುತ್ತದೆ. ಹತ್ತಿರದ ಜಿಲ್ಲೆಗಳೊಡನೆ ಮಾತನಾಡಲು ಅದು ಸಾಕು. ದೂರದ ಖಂಡಗಳನ್ನು ಮುಟ್ಟಬೇಕಾದರೆ ತರಂಗಗಳು ದಿಗಂತಕ್ಕೆ ಸಮೀಪವಾದ ಕೋನದಲ್ಲಿ ಹೊರಡಬೇಕು. ಅದಕ್ಕೆ ತರಂಗದೂರದ ಅರ್ಧದಷ್ಟಾದರೂ ಎತ್ತರ ಅಪೇಕ್ಷಣೀಯ. ಮನೆಯ ಮೇಲೆ ಗೋಪುರವೇಳಲು ಕಾರಣ ಇದೇ ಹೊರತು ಆಡಂಬರವಲ್ಲ.

೩

ಮನೆಯೊಂದರ ಅಂಗಳದಲ್ಲಿಯೇ ಈ ಚರಿತ್ರೆ ಮೊದಲಾದುದು ಗಮನಾರ್ಹ. ೧೮೯೫ರಲ್ಲಿ ಇಟಲಿಯ ಬೊಲೋನಾ ನಗರದ ಸಮೀಪದ ಪೊಂಟೆಕ್ಕಿಯೋ ಎಂಬಲ್ಲಿ, ತನ್ನ ತಂದೆಯ ಮನೆಯ ಅಟ್ಟದ ಕೋಣೆಯಲ್ಲಿ ಪ್ರಯೋಗ ನಡೆಸುತ್ತಿದ್ದ ತರುಣ ಮಾರ್ಕೋನಿಯು, ಪ್ರೇಷಕದ ಒಂದು ತುದಿಯನ್ನು ಭೂಮಿಗೆ ಸೇರಿಸಿ ಇನ್ನೊಂದು ತುದಿಯನ್ನು ಎತ್ತರಕ್ಕೆ ಏರಿಸಿದರೆ ಸಂಕೇತವು ಬಹುದೂರ ಹೋಗುವುದೆಂಬುದನ್ನು ಕಂಡನು. ಮನೆಯೆದುರಿನ ಗುಡ್ಡದ ಆಚೆಗೂ, ಸುಮಾರು ಎರಡು ಕಿಲೋಮೀಟರ್ ದೂರಕ್ಕೆ, ಸಂಕೇತ ಮುಟ್ಟಿತು. ಎತ್ತರ ಹೆಚ್ಚಿದಷ್ಟೂ ದೂರ ಹೆಚ್ಚುವುದೆಂಬ ನಂಬಿಕೆ ಅಂದಿನಿಂದ ದೃಢವಾಯಿತು.

ಎತ್ತರದೊಡನೆ ಅಪಾಯವೂ ಬಂದಿತು. ಅಟ್ಲಾಂಟಿಕ್ ಸಾಗರವನ್ನು ದಾಟಿಸಬೇಕೆಂದು ಇಂಗ್ಲೆಂಡಿನ ಪೋಲ್ದು ಎಂಬಲ್ಲಿ ಮಾರ್ಕೋನಿಯ ಸಂಸ್ಥೆ ವೃತ್ತಾಕಾರವಾಗಿ ೨೦ ಕಂಬಗಳನ್ನು ನಿಲ್ಲಿಸಿತ್ತು. ಒಂದೊಂದರ ಎತ್ತರ ೨೦೦ ಅಡಿ. ೧೯೦೧ರ ಸೆಪ್ಟೆಂಬರಿನ ಬಿರುಗಾಳಿಗೆ ಅವೆಲ್ಲ ನೆಲಕ್ಕೊರಗಿದವು. ಅಮೆರಿಕದ ತೀರದ ಕೇಪ್ ಕಾಡ್‌ನಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ್ದವೂ ನವೆಂಬರಿನಲ್ಲಿ ಬಿದ್ದುಹೋದವು. ಕಡೆಗೆ ಅದೇ ವರ್ಷದ ಡಿಸೆಂಬರ್ ೧೨ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ, ಗಾಳಿಪಟಕ್ಕೆ ಕಟ್ಟಿ ಹಾರಿಸಿದ ಸುಮಾರು ೫೦೦ ಅಡಿಯ ತಂತಿಯಿಂದ ಪೋಲ್ದುವಿನ ಸಂಕೇತ ಕೇಳಿಸಿತೆಂದು ಮಾರ್ಕೋನಿಯು ಪ್ರಕಟಿಸಿದನು. ಆ ಹೇಳಿಕೆಯ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯುಂಟು. ಆದರೆ ಒಂದು ಪಾಠವು ನಿರ್ವಿವಾದವಾದುದು: ಕಂಬವನ್ನು ನಿಲ್ಲಿಸುವುದು ಅರ್ಧ ಕೆಲಸ, ನಿಲ್ಲುವಂತೆ ನೋಡಿಕೊಳ್ಳುವುದು ಉಳಿದರ್ಧ.

ಹತ್ತು ವರ್ಷಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ವಿದ್ಯೆ ಹುಡುಗರ ಕೈಗೆ ಬಂದಿತು. ಅವರಲ್ಲಿ ಪ್ರಸಿದ್ಧನಾದವನು, ಮುಂದೆ ಎಫ್.ಎಂ. ಪದ್ಧತಿಯನ್ನು ಬಳಕೆಗೆ ತಂದ ಎಡ್ವಿನ್ ಆರ್ಮ್‌ಸ್ಟ್ರಾಂಗ್. ನ್ಯೂಯಾರ್ಕ್ ಸಮೀಪದ ಯಾಂಕರ್ಸ್‌ನಲ್ಲಿ ತನ್ನ ತಂದೆಯ ಮನೆಯ ಹಿತ್ತಿಲಿನಲ್ಲಿ, ೧೯೧೦ರ ಸುಮಾರಿಗೆ, ಆತ ೧೨೫ ಅಡಿ ಎತ್ತರದ ಕಂಬವನ್ನು ಎಬ್ಬಿಸಿದನು. ಹಡಗಿನವರು ಬಳಸುವಂಥ ಹಗ್ಗದ ತೂಗುಮಣೆಯಲ್ಲಿ ಕುಳಿತು ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುತ್ತಿದ್ದನು. ನೆರೆಯವರು ಕಳವಳದಿಂದ ನೋಡುತ್ತಿದ್ದರು. ನೆರೆಯವರ ಕಳವಳವು ಈ ಚರಿತ್ರೆಯಲ್ಲಿ ಪ್ರವೇಶಿಸುವುದು ಇಷ್ಟು ಬೇಗನೆ!

ಸರ್ಕಾರದ ಪ್ರವೇಶವೂ ತಡವಾಗಲಿಲ್ಲ. ಟೈಟಾನಿಕ್ ಹಡಗು ಮುಳುಗಿದ ೧೯೧೨ರಲ್ಲಿಯೇ, ಆಗಸ್ಟ್ ತಿಂಗಳಿನಲ್ಲಿ, ಅಮೆರಿಕದ ರೇಡಿಯೋ ಕಾಯಿದೆಯು ಅಂಗೀಕೃತವಾಯಿತು. ಹವ್ಯಾಸಿಗಳು ಪರವಾನಗಿ ಪಡೆಯಬೇಕು, ೨೦೦ ಮೀಟರಿಗಿಂತ ಹೆಚ್ಚಿನ ತರಂಗದೂರವನ್ನು ಮುಟ್ಟಬಾರದು, ಒಂದು ಕಿಲೋವಾಟ್ ಶಕ್ತಿಯನ್ನು ಮೀರಬಾರದು ಎಂದು ಅದು ವಿಧಿಸಿತು. ೨೦೦ ಮೀಟರಿನ ಕೆಳಗಣ ತರಂಗಗಳು ದೂರಸಂಪರ್ಕಕ್ಕೆ ಪ್ರಯೋಜನವಿಲ್ಲದವೆಂಬುದು ಆಗಿನ ತಜ್ಞರ ಅಭಿಮತ. ಹೊಲದ ಅಂಚಿನ ಬರಡು ಪಟ್ಟಿಯನ್ನು ಕಿರಿಯ ಮಗನಿಗೆ ಪಾಲುಕೊಟ್ಟಂತೆ ಆಯಿತು. ೧೯೧೪ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಹಾರ್ಟ್‌ಫರ್ಡ್‌ನಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ ಹವ್ಯಾಸಿಗಳ ಸಂಘವನ್ನು ಸ್ಥಾಪಿಸಲು ಮುಂದಾದನು.

ಯುದ್ಧವು ಬಂದಾಗ ಕಂಬದ ಬಹಿರಂಗ ಸ್ವಭಾವ ಅದಕ್ಕೆ ಮುಳುವಾಯಿತು. ೧೯೧೪ರ ಆಗಸ್ಟಿನಲ್ಲಿ ಬ್ರಿಟನ್ನಿನಲ್ಲಿಯೂ, ೧೯೧೭ರ ಏಪ್ರಿಲಿನಲ್ಲಿ ಅಮೆರಿಕದಲ್ಲಿಯೂ, ಹವ್ಯಾಸಿ ನಿಲಯಗಳನ್ನು ಮುಚ್ಚಿ ಏರಿಯಲ್‌ಗಳನ್ನು ಇಳಿಸಬೇಕೆಂದು ಆಜ್ಞೆಯಾಯಿತು. ಯಂತ್ರವನ್ನು ಕೋಣೆಯಲ್ಲಿ ಬಚ್ಚಿಡಬಹುದು. ಏರಿಯಲ್ ಇಳಿದಿದೆಯೆ ಇಲ್ಲವೆ ಎಂಬುದನ್ನು ಬೀದಿಯಲ್ಲಿ ನಡೆಯುವ ಪೊಲೀಸಿನವನೇ ಹೇಳಬಲ್ಲನು. ಅಮೆರಿಕದಲ್ಲಿ ಮತ್ತೆ ಪ್ರೇಷಣಕ್ಕೆ ಅನುಮತಿ ದೊರೆತದ್ದು ೧೯೧೯ರ ಅಕ್ಟೋಬರಿನಲ್ಲಿ.

೪

ಬರಡೆಂದು ಬಿಟ್ಟುಕೊಟ್ಟ ಪಟ್ಟಿಯಲ್ಲಿಯೇ ಬೆಳೆ ಬಂದುದು ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಘಟ್ಟ. ೧೯೨೧ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳು ಪಾಲ್ ಗಾಡ್ಲಿ ಎಂಬ ತಮ್ಮವನೊಬ್ಬನನ್ನು ಸ್ಕಾಟ್‌ಲೆಂಡಿನ ಆರ್ಡ್ರೊಸನ್‌ಗೆ ಕಳುಹಿಸಿದರು. ಅಲ್ಲಿ ಸಮುದ್ರತೀರದ ಹೊಲದಲ್ಲಿ ಗುಡಾರ ಹಾಕಿಕೊಂಡು, ನೆಲದಿಂದ ಕೆಲವೇ ಅಡಿ ಮೇಲೆ ಬಹುದೂರ ಎಳೆದ ‘ಬೆವರೇಜ್’ ಮಾದರಿಯ ತಂತಿಯ ಮೂಲಕ ಆತನು ಅಮೆರಿಕದ ಹಲವು ಹವ್ಯಾಸಿ ನಿಲಯಗಳನ್ನು ಕೇಳಿದನು. ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ ಈ ಪರೀಕ್ಷೆಗಾಗಿಯೇ ಕಟ್ಟಿದ ನಿಲಯದಿಂದ ಪೂರ್ಣವಾದ ಸಂದೇಶವೊಂದು ಬಂದಿತು; ಅದನ್ನು ಕಟ್ಟಿದವರಲ್ಲಿ ಮೇಲೆ ಹೇಳಿದ ಆರ್ಮ್‌ಸ್ಟ್ರಾಂಗನೂ ಒಬ್ಬ. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲ್ವಾನು ಸುಮಾರು ೧೧೦ ಮೀಟರ್ ತರಂಗದೂರದಲ್ಲಿ ಅಮೆರಿಕದ ಫ್ರೆಡ್ ಶ್ನೆಲ್ ಎಂಬಾತನೊಡನೆ ಎರಡು ಕಡೆಯ ಸಂಭಾಷಣೆ ನಡೆಸಿದನು. ೧೯೨೪ರ ಅಕ್ಟೋಬರ್ ೧೮ರಂದು ನ್ಯೂಜಿಲೆಂಡಿನ ಶ್ಯಾಗ್ ವ್ಯಾಲಿಯಲ್ಲಿ ಕುರಿ ಸಾಕುವ ಜಮೀನಿನ ಮನೆಯಿಂದ ಫ್ರ್ಯಾಂಕ್ ಬೆಲ್ಲನೂ, ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಸೆಸಿಲ್ ಗಾಯ್ಡರ್ ಎಂಬ ವಿದ್ಯಾರ್ಥಿಯೂ ಭೂಗೋಳದ ಎರಡು ಪಾರ್ಶ್ವಗಳಿಂದ ಮಾತನಾಡಿಕೊಂಡರು.

ಇದರ ಪರಿಣಾಮವನ್ನು ಆಂಟೆನಾದ ದೃಷ್ಟಿಯಿಂದ ನೋಡಬೇಕು. ತರಂಗದೂರವು ಕುಗ್ಗಿದಂತೆ ಆಂಟೆನಾವೂ ಕುಗ್ಗುತ್ತದೆ. ೨೦೦ ಮೀಟರಿಗೆ ಅರ್ಧತರಂಗದ ತಂತಿಯೆಂದರೆ ೧೦೦ ಮೀಟರ್ ಬೇಕು; ೨೦ ಮೀಟರಿನ ಪಟ್ಟಿಗೆ ೧೦ ಮೀಟರ್ ಸಾಕು. ೧೯೨೭ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಸಮ್ಮೇಳನವು ೧೬೦, ೮೦, ೪೦, ೨೦, ೧೦ ಮೀಟರುಗಳ ಆಸುಪಾಸಿನ ಪಟ್ಟಿಗಳನ್ನು ಹವ್ಯಾಸಿಗಳಿಗೆ ಗೊತ್ತುಮಾಡಿತು. ಶ್ರೀಮಂತನ ತೋಟದಲ್ಲಿ ಮಾತ್ರ ಹಿಡಿಸುತ್ತಿದ್ದ ವಸ್ತು ಶಾಲಾ ಉಪಾಧ್ಯಾಯನ ತಾರಸಿಯಲ್ಲಿ ಹಿಡಿಸತೊಡಗಿದ್ದು ಹೀಗೆ.

ಅದೇ ಕಾಲದಲ್ಲಿ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ಶಿಂತಾರೋ ಉದಾ ಎಂಬ ಸಂಶೋಧಕರು ತಮ್ಮ ಹಿರಿಯರಾದ ಹಿದೆತ್ಸುಗು ಯಾಗಿಯವರೊಡನೆ ಹೊಸ ಮಾದರಿಯೊಂದನ್ನು ರೂಪಿಸಿದರು. ೧೯೨೬ರಲ್ಲಿ ಪ್ರಕಟವಾದ ಈ ಶೋಧನೆ, ೧೯೨೮ರಲ್ಲಿ ಯಾಗಿಯವರ ಇಂಗ್ಲಿಷ್ ಪ್ರಬಂಧದ ಮೂಲಕ ಲೋಕಪ್ರಸಿದ್ಧವಾಯಿತು. ಒಂದು ಡೈಪೋಲಿನ ಹಿಂದೆ ತುಸು ಉದ್ದವಾದ ಸರಳನ್ನೂ ಮುಂದೆ ತುಸು ಗಿಡ್ಡವಾದ ಸರಳುಗಳನ್ನೂ, ಯಾವ ತಂತಿಯ ಸಂಪರ್ಕವೂ ಇಲ್ಲದೆ, ಸಾಲಾಗಿ ಇಟ್ಟರೆ ಶಕ್ತಿಯೆಲ್ಲ ಒಂದೇ ದಿಕ್ಕಿಗೆ ಕೂಡಿಬರುತ್ತದೆ. ದೂರದರ್ಶನ ಬಂದ ಮೇಲೆ ನಮ್ಮ ಊರುಗಳ ಮಾಡುಗಳ ಮೇಲೆಲ್ಲ ಕಂಡ ಮೀನಿನ ಮುಳ್ಳಿನಂಥ ಆಂಟೆನಾಗಳು ಇದರ ಸಂತತಿಯೇ. ಹವ್ಯಾಸಿಗಳು ಇದನ್ನು ಗೋಪುರದ ತುದಿಯಲ್ಲಿಟ್ಟು, ಬೇಕಾದ ದೇಶದ ಕಡೆಗೆ ತಿರುಗಿಸುವ ಏರ್ಪಾಡು ಮಾಡಿಕೊಂಡರು. ೧೯೪೦ರ ದಶಕದ ಮೊದಲಲ್ಲಿ ಈಕ್ವಡಾರ್ ದೇಶದ ಕ್ವಿಟೋ ಪ್ರಾಂತದ ಪ್ರಸಾರ ನಿಲಯವೊಂದರಲ್ಲಿ, ಎತ್ತರದ ಪ್ರದೇಶದ ತೆಳುವಾದ ಗಾಳಿಯಿಂದಾಗಿ ಸರಳುಗಳ ತುದಿಯಲ್ಲಿ ವಿದ್ಯುತ್ ಕಿಡಿಗಳೆದ್ದು ಲೋಹವೇ ಕರಗುತ್ತಿತ್ತು. ಅಲ್ಲಿನ ಕ್ಲಾರೆನ್ಸ್ ಮೂರ್ ಎಂಬ ಹವ್ಯಾಸಿ ಇಂಜಿನಿಯರು, ತುದಿಯೇ ಇಲ್ಲದಂತೆ ತಂತಿಯನ್ನು ಚೌಕವಾಗಿ ಬಾಗಿಸಿ ‘ಕ್ವಾಡ್’ ಎಂಬ ಮಾದರಿಯನ್ನು ಕಂಡುಹಿಡಿದನು. ಪಾಲನೆಯ ತೊಂದರೆಯೇ ಹೊಸ ಶೋಧನೆಗೆ ತಾಯಿಯಾದುದಕ್ಕೆ ಇದು ಒಳ್ಳೆಯ ನಿದರ್ಶನ.

೫

ಭರತಖಂಡದಲ್ಲಿ ಈ ವಿದ್ಯೆಯು ೧೯೨೧ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಅಮರೇಂದ್ರಚಂದ್ರ ಗುಪ್ತು ಅವರಿಗೆ ‘೨ ಜೆ.ಕೆ.’ ಎಂಬ ಕರೆಗುರುತೂ, ಮುಕುಲ್ ಬೋಸ್ ಅವರಿಗೆ ‘೨ ಎಚ್.ಕ್ಯೂ.’ ಎಂಬ ಕರೆಗುರುತೂ ದೊರೆತವು. ೧೮೮೫ರ ಟೆಲಿಗ್ರಾಫ್ ಕಾಯಿದೆಯ ಜೊತೆಗೆ ೧೯೩೩ರ ನಿಸ್ತಂತು ಕಾಯಿದೆಯೂ ಸೇರಿ, ಪರವಾನಗಿಯಿಲ್ಲದೆ ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವೆಂದಾಯಿತು.

ಕನ್ನಡ ನಾಡಿನಲ್ಲಿ ಮನೆಯ ಮೇಲಣ ಆಂಟೆನಾದ ಪ್ರಸ್ತಾಪ ಬಂದೊಡನೆ ಮೈಸೂರಿನ ‘ವಿಠ್ಠಲ ವಿಹಾರ’ ಎಂಬ ಮನೆಯನ್ನು ಸ್ಮರಿಸಬೇಕು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ, ತಮ್ಮ ಆ ವಾಸದ ಮನೆಯಿಂದಲೇ, ಅಲ್ಪಶಕ್ತಿಯ ಪ್ರೇಷಕವೊಂದರ ಸಹಾಯದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅದು ಸಾರ್ವಜನಿಕರಿಗಾಗಿ ನಡೆಸಿದ ಪ್ರಸಾರ. ಪರಸ್ಪರ ಸಂಭಾಷಣೆಯ ಹವ್ಯಾಸಿ ನಿಲಯದಿಂದ ಅದನ್ನು ಬೇರೆಯಾಗಿಯೇ ಎಣಿಸಬೇಕು. ಆದರೂ ಗೃಹಸ್ಥರೊಬ್ಬರ ಸ್ವಂತ ಮನೆಯಲ್ಲಿ, ಸ್ವಂತ ಆಸಕ್ತಿಯಿಂದ ಎದ್ದುನಿಂತ ನಿಲಯವೊಂದು ಮುಂದೆ ಸಂಸ್ಥಾನದ ಆಶ್ರಯವನ್ನು ಪಡೆದು, ತನ್ನ ಹೆಸರನ್ನು ಇಡಿಯ ದೇಶದ ಪ್ರಸಾರಕ್ಕೆ ದಾನಮಾಡಿತೆಂಬುದು ಸಾಮಾನ್ಯ ಸಂಗತಿಯಲ್ಲ. ಖಾಸಗಿ ಹವ್ಯಾಸವು ಸಾರ್ವಜನಿಕ ಸಂಪತ್ತಾದುದಕ್ಕೆ ನಮ್ಮವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

೧೯೩೯ರಲ್ಲಿ ಎರಡನೆಯ ಮಹಾಯುದ್ಧ ಮೊದಲಾದೊಡನೆ ಭಾರತದ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಈ ನಿಷೇಧದ ಅವಧಿಯಲ್ಲಿಯೇ, ೧೯೪೨ರ ಆಗಸ್ಟ್ ೨೭ರಂದು, ಮುಂಬಯಿಯ ಚೌಪಾಟಿಯ ಕಟ್ಟಡವೊಂದರಿಂದ ‘ಕಾಂಗ್ರೆಸ್ ರೇಡಿಯೋ’ ತನ್ನ ಮೊದಲ ಪ್ರಸಾರವನ್ನು ಮಾಡಿತು. ಉಷಾ ಮೆಹತಾ ಮತ್ತು ಅವರ ಸಂಗಡಿಗರು ಅದರ ಹೊಣೆ ಹೊತ್ತಿದ್ದರು; ಹವ್ಯಾಸಿ ಪ್ರೇಷಕರಾಗಿದ್ದ ನರಿಮನ್ ಪ್ರಿಂಟರ್ ಯಂತ್ರವನ್ನು ಅಣಿಮಾಡಿಕೊಟ್ಟಿದ್ದರು. ಅದರ ತರಂಗದೂರ ೪೨.೩೪ ಮೀಟರ್. ಹವ್ಯಾಸಿಗಳ ೪೦ ಮೀಟರ್ ಪಟ್ಟಿಯ ನೆರೆಯಲ್ಲಿಯೇ ಇದು ಇದ್ದುದನ್ನು ಗಮನಿಸಬೇಕು. ಹಿಂದೆ ಹೇಳಿದ ಲೆಕ್ಕದಂತೆ ಅರ್ಧತರಂಗದ ತಂತಿಗೆ ೨೧ ಮೀಟರಿನಷ್ಟು ಉದ್ದ ಬೇಕು. ಪೊಲೀಸರ ದಿಕ್ಶೋಧಕ ವಾಹನಗಳಿಂದ ತಪ್ಪಿಸಿಕೊಳ್ಳಲು ನಿಲಯವು ಮನೆಯಿಂದ ಮನೆಗೆ ಅಲೆದಾಡಿತೆಂಬುದನ್ನು ಚರಿತ್ರಕಾರರು ಹೇಳುತ್ತಾರೆ. ಹಾಗೆ ಅಲೆಯುವಾಗ ಒಂದೊಂದು ಮನೆಯಲ್ಲಿಯೂ ಇಂಥ ತಂತಿಯನ್ನು ಯಾರ ಕಣ್ಣಿಗೂ ಬೀಳದಂತೆ ಎಳೆಯುವ ಕಷ್ಟವೆಷ್ಟಿರಬೇಕೆಂಬುದನ್ನು ಓದುಗರು ಊಹಿಸಬಹುದು. ೧೯೪೨ರ ನವೆಂಬರ್ ೧೨ರಂದು ಪೊಲೀಸರು ನಿಲಯವನ್ನು ಹಿಡಿದರು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ಹವ್ಯಾಸಿಯ ವಿದ್ಯೆಯನ್ನು ಆಳುವವರು ಏಕೆ ಶಂಕಿಸುತ್ತಿದ್ದರೆಂಬುದಕ್ಕೂ, ಅದು ಜನತೆಯ ಕೈಯಲ್ಲಿ ಏನಾಗಬಲ್ಲುದೆಂಬುದಕ್ಕೂ ಈ ಒಂದೇ ಘಟನೆ ಸಾಕ್ಷಿಯಾಗಿದೆ.

ಸ್ವಾತಂತ್ರ್ಯಾನಂತರ ೧೯೪೮ರಲ್ಲಿ ಮಹೂ ದಂಡಿನ ಪ್ರದೇಶದಲ್ಲಿ ಅಖಿಲ ಭಾರತ ಮಟ್ಟದ ಹವ್ಯಾಸಿಗಳ ಸಂಘ ಸ್ಥಾಪಿತವಾಯಿತು. ೧೯೫೯ರಲ್ಲಿ ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ ಹುಟ್ಟಿತು. ೧೯೭೮ರಲ್ಲಿ ಹವ್ಯಾಸಿ ಸೇವೆಯ ನಿಯಮಗಳು ಹೊಸದಾಗಿ ರಚಿತವಾದವು. ೧೮೮೫ ಮತ್ತು ೧೯೩೩ರ ಕಾಯಿದೆಗಳ ಸ್ಥಾನದಲ್ಲಿ ನಿಲ್ಲತಕ್ಕ ದೂರಸಂಪರ್ಕ ಅಧಿನಿಯಮವನ್ನು ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿತು. ಕಾಯಿದೆಗಳು ಬದಲಾದರೂ ಮೂಲತತ್ತ್ವ ಬದಲಾಗಿಲ್ಲ: ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅನುಮತಿ ಪಡೆದವನಿಗೆ ಮಾತ್ರ ಪ್ರೇಷಣದ ಅಧಿಕಾರ.

೬

ಇನ್ನು ಪಾಲನೆಯ ವಿಚಾರ. ಚರಿತ್ರೆಯ ಪುಸ್ತಕಗಳು ಕಟ್ಟಿದವರನ್ನು ಹೊಗಳುತ್ತವೆ; ಕಾಪಾಡಿದವರನ್ನು ಮರೆಯುತ್ತವೆ. ಆದರೆ ಶಾಸನಗಳನ್ನು ಓದಿದವರಿಗೆ, ಕೆರೆ ಕಟ್ಟಿಸಿದವನಿಗೆ ಹೇಗೋ ಹಾಗೆಯೇ ಕೆರೆಯ ಹೂಳೆತ್ತಿಸಲು ದತ್ತಿಬಿಟ್ಟವನಿಗೂ ನಮ್ಮ ಹಿಂದಿನವರು ಪುಣ್ಯವನ್ನು ಹೇಳಿದ್ದಾರೆಂಬುದು ವಿದಿತವಾಗಿದೆ. ಆಂಟೆನಾದ ವಿಷಯದಲ್ಲಿಯೂ ಈ ನ್ಯಾಯವೇ ಸಲ್ಲತಕ್ಕದ್ದು.

ಕಂಬದ ಮೊದಲ ಶತ್ರು ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಅದು ಕಂಬದ ಮೇಲೆ ಹಾಕುವ ಒತ್ತಡ ನಾಲ್ಕರಷ್ಟಾಗುತ್ತದೆ. ಆದಕಾರಣ ಕಂಬವನ್ನು ತನ್ನ ಬುಡದ ಬಲದಿಂದಲೇ ನಿಲ್ಲುವಂತೆ ಬಿಡದೆ, ಸಮಾನ ಕೋನಗಳಲ್ಲಿ ಮೂರು ದಿಕ್ಕಿಗೆ ಸ್ಟೇ ತಂತಿಗಳನ್ನು ಎಳೆದು ಗೂಟಗಳಿಗೆ ಬಿಗಿಯುತ್ತಾರೆ. ಈ ಸ್ಟೇ ತಂತಿಗಳನ್ನು ಅಲ್ಲಲ್ಲಿ ತುಂಡರಿಸಿ ನಡುವೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರುಗಳನ್ನು ಸೇರಿಸುವುದುಂಟು. ತಂತಿಯು ತಾನೇ ಆಂಟೆನಾದಂತೆ ವರ್ತಿಸಿ ಶಕ್ತಿಯನ್ನು ಕದಿಯದಿರಲೆಂಬುದು ಇದರ ಉದ್ದೇಶ. ಎರಡು ತುಂಡುಗಳ ಕುಣಿಕೆಗಳು ಪಿಂಗಾಣಿಯ ಮೂಲಕ ಒಂದನ್ನೊಂದು ಹೆಣೆದುಕೊಂಡಿರುವುದರಿಂದ, ಪಿಂಗಾಣಿ ಒಡೆದರೂ ತಂತಿ ಕಳಚಿಬೀಳದು. ಬಡ ಹವ್ಯಾಸಿಗೆ ಕಬ್ಬಿಣದ ಗೋಪುರವೇ ಬೇಕೆಂದಿಲ್ಲ. ಬಿದಿರಿನ ಗಳುವೂ ಜಿ.ಐ. ಪೈಪೂ ಬಹುಕಾಲ ಸೇವೆಮಾಡಿವೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ತಂತಿಯ ಕೊನೆಯನ್ನು ಮರಕ್ಕೆ ಕಟ್ಟುವುದಾದರೆ, ಮರ ತೂಗಾಡಿದಾಗ ತಂತಿ ಹರಿಯದಂತೆ, ಹಗ್ಗವನ್ನು ರಾಟೆಯ ಮೇಲಿಂದ ಇಳಿಸಿ ತುದಿಗೆ ಕಲ್ಲಿನ ಭಾರವನ್ನು ತೂಗಬಿಡಬೇಕು.

ಎರಡನೆಯ ಶತ್ರು ನೀರು. ಕೇಬಲು ಆಂಟೆನಾಕ್ಕೆ ಕೂಡುವ ಸಂದಿಯಲ್ಲಿ ಒಂದು ಹನಿ ಮಳೆನೀರು ಇಳಿದರೂ ಅದು ಒಳಗಿನ ತಾಮ್ರದ ಹೆಣಿಗೆಯನ್ನು ಹಿಡಿದು ಹರಿದು ಕೇಬಲನ್ನು ಕೆಡಿಸುತ್ತದೆ. ಸಂದಿಯನ್ನು ಜಲಾಭೇದ್ಯವಾದ ಪಟ್ಟಿಯಿಂದ ಸುತ್ತಿ, ಕಿಟಕಿಯೊಳಕ್ಕೆ ಬರುವ ಮುನ್ನ ಕೇಬಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ನೀರು ಅಲ್ಲಿಯೇ ತೊಟ್ಟಿಕ್ಕುವಂತೆ ಮಾಡುವುದು ಹಳೆಯ ಕ್ರಮ. ಕರಾವಳಿಯ ಉಪ್ಪುಗಾಳಿಯಲ್ಲಿ ಕಬ್ಬಿಣ ಬೇಗನೆ ತುಕ್ಕುಹಿಡಿಯುತ್ತದೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸತ್ತ್ವಗುಂದುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಸ್ಟೇ ತಂತಿಗಳ ಬಿಗಿ, ಗೂಟ, ನಟ್ಟು ಬೋಲ್ಟು, ಸಂದಿಗಳನ್ನೆಲ್ಲ ನೋಡುವುದು ಒಳ್ಳೆಯ ಹವ್ಯಾಸಿಯ ನೇಮ.

ಮೂರನೆಯದು ಸಿಡಿಲು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಒಳನಾಡಿನಲ್ಲಿ ಗುಡುಗುಸಿಡಿಲು ವಿಶೇಷ. ಕಂಬದ ಬುಡದಿಂದ ದಪ್ಪವಾದ ತಾಮ್ರದ ಪಟ್ಟಿಯನ್ನು ನೇರವಾಗಿ ಭೂಮಿಗೆ ಇಳಿಸಿ, ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಣಿಗೆ ಸೇರಿಸಬೇಕು. ಗುಣಿಯು ಬೇಸಗೆಯಲ್ಲಿ ಒಣಗಿದರೆ ಅದು ಇದ್ದೂ ಇಲ್ಲದಂತೆ, ನೀರೆರೆಯುತ್ತಿರಬೇಕು. ಮೋಡ ಕವಿದೊಡನೆ ಕೇಬಲನ್ನು ಯಂತ್ರದಿಂದ ಕಳಚಿಡುವುದು ಎಲ್ಲಕ್ಕಿಂತ ಉತ್ತಮವಾದ ಉಪಾಯ.

ಇವೆಲ್ಲಕ್ಕಿಂತ ದೊಡ್ಡದು ಜೀವದ ಪ್ರಶ್ನೆ. ಕಂಬವು ಯಾವ ಕಡೆಗೆ ಬಿದ್ದರೂ ವಿದ್ಯುತ್ ಮಾರ್ಗದ ತಂತಿಗೆ ತಗುಲದಷ್ಟು ದೂರವಿರಬೇಕೆಂಬುದು ಈ ವಿದ್ಯೆಯ ಮೊದಲನೆಯ ವಿಧಿ. ಎಬ್ಬಿಸುವಾಗ, ಇಳಿಸುವಾಗ, ತಂತಿಯನ್ನು ಮೇಲಕ್ಕೆಸೆಯುವಾಗ ಆಗುವ ಸ್ಪರ್ಶವು ಕ್ಷಣಮಾತ್ರದಲ್ಲಿ ಪ್ರಾಣಾಪಹಾರಿ. ಒಬ್ಬನೇ ಕಂಬ ಹತ್ತಕೂಡದು, ಸೊಂಟಪಟ್ಟಿಯಿಲ್ಲದೆ ಹತ್ತಕೂಡದು, ಕೆಳಗೆ ಮಕ್ಕಳು ಆಡುತ್ತಿರಕೂಡದು ಎಂಬ ವಿಧಿಗಳು ಪುಸ್ತಕದಲ್ಲಿ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಯಾವುದೋ ಮನೆಯ ದುಃಖವಿದೆ.

೭

ಕಡೆಯದಾಗಿ ನೆರೆಹೊರೆಯ ಪ್ರಶ್ನೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಮನೆಮನೆಗೂ ಟೆಲಿವಿಷನ್ ಬಂದಾಗ, ಚಿತ್ರದಲ್ಲಿ ಕಾಣುವ ಕದಡಿಕೆಗೆಲ್ಲ ಪಕ್ಕದ ಮನೆಯ ಗೋಪುರವೇ ಕಾರಣವೆಂದು ದೂರುಗಳು ಹುಟ್ಟಿದವು. ಕೆಲವು ಸಲ ದೋಷ ಹವ್ಯಾಸಿಯದು, ಕೆಲವು ಸಲ ಟೆಲಿವಿಷನ್ನಿನದೇ. ಆದರೆ ಕಣ್ಣಿಗೆ ಕಾಣುವ ವಸ್ತುವಿನ ಮೇಲೆ ಆಪಾದನೆ ಹೊರಿಸುವುದು ಸುಲಭ. ಊರಿನ ಅಂದ ಕೆಡುವುದೆಂದು ಪುರಸಭೆಗ

ಳು ಗೋಪುರಗಳ ಎತ್ತರವನ್ನು ಮೊಟಕುಗೊಳಿಸಿದವು. ಕಡೆಗೆ ೧೯೮೫ರ ಸೆಪ್ಟೆಂಬರ್ ೧೬ರಂದು ಆ ದೇಶದ ಸಂಪರ್ಕ ಆಯೋಗವು, ಸ್ಥಳೀಯ ಆಡಳಿತಗಳು ಹವ್ಯಾಸಿಗಳ ಆಂಟೆನಾಗಳಿಗೆ ಯುಕ್ತವಾದ ಅವಕಾಶ ಕೊಡಬೇಕೆಂದೂ, ನಿರ್ಬಂಧಗಳು ಅಗತ್ಯಕ್ಕಿಂತ ಬಿಗಿಯಾಗಿರಬಾರದೆಂದೂ ನಿರ್ಣಯವಿತ್ತಿತು. ಮನೆ ಕೊಳ್ಳುವಾಗ ಖಾಸಗಿಯಾಗಿ ಮಾಡಿಕೊಂಡ ಕರಾರುಗಳನ್ನು ಈ ನಿರ್ಣಯ ಮುಟ್ಟಲಿಲ್ಲ. ನಮ್ಮ ನಗರಗಳಲ್ಲಿಯೂ ಸ್ವಂತ ಅಂಗಳದ ಮನೆಗಳು ಹೋಗಿ ಬಹುಮಹಡಿಯ ವಸತಿಗಳು ಬಂದಂತೆ, ತಾರಸಿಯು ಒಬ್ಬರದಲ್ಲದೆ ಹಲವರದಾಗಿದೆ. ಅಲ್ಲಿ ಹವ್ಯಾಸಿಗೆ ಒಪ್ಪಿಗೆ ದೊರೆಯುವುದು ಕಾಯಿದೆಯ ಬಲದಿಂದಲ್ಲ, ಆತನ ಕಂಬದ ಅಚ್ಚುಕಟ್ಟಿನಿಂದ ಹುಟ್ಟುವ ವಿಶ್ವಾಸದಿಂದ.

ಆ ವಿಶ್ವಾಸವು ವ್ಯರ್ಥವಾದುದಲ್ಲವೆಂಬುದಕ್ಕೆ ವಿಪತ್ತುಗಳೇ ಸಾಕ್ಷಿ. ೨೦೦೧ರ ಜನವರಿ ೨೬ರ ಗುಜರಾತಿನ ಭೂಕಂಪದಲ್ಲಿ ಹವ್ಯಾಸಿಗಳು ಸಂಪರ್ಕ ಕಡಿದುಹೋಗಿದ್ದ ಸ್ಥಳಗಳಿಂದ ಸುದ್ದಿ ತಲುಪಿಸಿದರು. ೨೦೦೪ರ ಡಿಸೆಂಬರಿನಲ್ಲಿ ಶ್ರೀಮತಿ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಅಂಡಮಾನ್ ದ್ವೀಪಗಳಿಂದ ಹವ್ಯಾಸಿ ಪ್ರೇಷಣ ನಡೆಸಲು ವಿಶೇಷಾನುಮತಿ ಪಡೆದು ಪೋರ್ಟ್‌ಬ್ಲೇರಿನಲ್ಲಿ ಆಂಟೆನಾಗಳನ್ನು ಕಟ್ಟಿದ್ದರು. ೨೬ರಂದು ಸುನಾಮಿ ಅಪ್ಪಳಿಸಿ ದೂರವಾಣಿಗಳು ಸ್ತಬ್ಧವಾದಾಗ, ವಿನೋದಕ್ಕಾಗಿ ಎಳೆದಿದ್ದ ಆ ತಂತಿಗಳೇ ದ್ವೀಪದವರ ಕ್ಷೇಮಸಮಾಚಾರವನ್ನು ಭಾರತದ ನೆಲಕ್ಕೆ ಮುಟ್ಟಿಸಿದವು. ವಿಪತ್ತು ಬಂದ ಮೇಲೆ ಕಂಬ ನೆಡಲಾಗದು. ಅದು ಮೊದಲೇ ನಿಂತಿರಬೇಕು, ಗಟ್ಟಿಯಾಗಿ ನಿಂತಿರಬೇಕು.

ಈ ಸಮೀಕ್ಷೆಯಿಂದ ಹೊರಡುವ ಸಾರಾಂಶವು ಸ್ಪಷ್ಟವಾಗಿದೆ. ಯುದ್ಧ ಬಂದಾಗ ಇಳಿಸೆಂದು ಆಜ್ಞಾಪಿಸಿದ ಕಂಬವನ್ನೇ ಆಪತ್ತು ಬಂದಾಗ ಸಮಾಜವು ಹುಡುಕಿಕೊಂಡು ಬಂದಿದೆ. ಈ ಎರಡರ ನಡುವಣ ನೂರು ವರ್ಷಗಳಲ್ಲಿ ಅದನ್ನು ನಿಲ್ಲಿಸಿಕೊಂಡು ಬಂದವರು ಹೆಸರಿಲ್ಲದ ಗೃಹಸ್ಥರು. ಅವರ ದಿನಚರಿ ಪುಸ್ತಕಗಳೂ, ಸಂಪರ್ಕವನ್ನು ದೃಢಪಡಿಸಲು ದೇಶವಿದೇಶಗಳಿಂದ ಬಂದ ಅಂಚೆಕಾರ್ಡುಗಳೂ ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಉಳಿದಿರಬೇಕು. ಕಾಲೇಜುಗಳ ಇತಿಹಾಸ ಸಂಘಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇಂಥ ಮನೆಗಳನ್ನು ಗುರುತಿಸಿ, ಹಿರಿಯರು ಇರುವಾಗಲೇ ಅವರ ಮಾತುಗಳನ್ನು ಬರೆದುಕೊಂಡು, ಕಾಗದಪತ್ರಗಳನ್ನು ಗ್ರಂಥಾಲಯಗಳಿಗೆ ಸೇರಿಸಲು ಯತ್ನಿಸಿದರೆ, ಅದು ಶಾಸನ ಸಂಗ್ರಹಕ್ಕಿಂತ ಕಡಿಮೆಯಾದ ಕಾರ್ಯವೆನಿಸದು. ಗುಜರಿಯ ಗಾಡಿ ನಮಗಿಂತ ಮುಂಚೆ ಆ ಮನೆಯ ಬಾಗಿಲಿಗೆ ಬಾರದಿರಲಿ ಎಂಬುದೇ ಈ ಲೇಖಕನ ವಿಜ್ಞಾಪನೆ.